ಸ್ಟಾರ್ ವಾರ್ಸ್ ಸರಣಿ ಆಂಡೋರ್ ಸೀಸನ್ 2 ಮುಗಿಯಿತು: ಘೋರ್ಮನ್, ಕ್ಲೇಯಾ, ಬರಲಿರುವ ಸಿನಿಮಾಗಳು. ಮಾತಾಡೋಣ ಬನ್ನಿ (ಕತೆ ಪೂರ್ತಿ ಬಿಚ್ಚಿಟ್ಟಿದೆ)

ಕಾವೇರಿತೀರ (ಚರ್ಚೆ ಶುರು ಮಾಡಿದವರು)

ಕೊನೆಯ ಮೂರು ಎಪಿಸೋಡುಗಳು 2025ರ ಮೇ 14, ಬುಧವಾರ ಬೆಳಿಗ್ಗೆ ಆರೂವರೆಗೆ ಜಿಯೋಹಾಟ್‌ಸ್ಟಾರ್‌ಗೆ ಬಂದವು. ನೋಡಿ ಮುಗಿಸಿ, ರಾತ್ರಿ ‘ರೋಗ್ ಒನ್’ ಇನ್ನೊಮ್ಮೆ ಹಾಕಿಕೊಂಡು ಕೂತೆ. ತಲೆ ತುಂಬ ಇದೇ ಇದೆ. ಇನ್ನೂ ನೋಡದವರು ದಯವಿಟ್ಟು ಇಲ್ಲಿಂದಲೇ ವಾಪಸ್ ಹೋಗಿ. ಯಾರು ಸತ್ತರು, ಯಾರು ಉಳಿದರು, ಎಲ್ಲವೂ ಮುಂದೆ ಬರುತ್ತದೆ.

ಹೊಸಬರಿಗೆ ಎರಡು ಮಾತು. 2016ರ ‘ರೋಗ್ ಒನ್’ ಸಿನಿಮಾದಲ್ಲಿ ಗ್ಯಾಲಕ್ಸಿ ಆಳುವ ಸಾಮ್ರಾಜ್ಯದ ಗ್ರಹ ಸಿಡಿಸುವ ಅಸ್ತ್ರ ಡೆತ್ ಸ್ಟಾರ್‌ನ ನಕ್ಷೆ ಕದಿಯಲು ಹೋಗಿ ಜೀವ ಬಿಡುವ ಕ್ಯಾಸಿಯನ್ ಆಂಡೋರ್ ಇದ್ದಾನಲ್ಲ, ಅವನು ಆ ಜಾಗಕ್ಕೆ ಹೇಗೆ ಬಂದ ಅನ್ನೋದು ಈ ಕತೆ. ಸರಣಿ ರೂಪಿಸಿದ ಟೋನಿ ಗಿಲ್‌ರಾಯ್ ಮೊದಲು ಐದು ಸೀಸನ್ ಮಾಡಬೇಕು ಅಂದುಕೊಂಡಿದ್ದರು, ಕೊನೆಗೆ ಎರಡಕ್ಕೆ ಇಳಿಸಿದರು. 2022ರಲ್ಲಿ ಬಂದ ಮೊದಲ ಸೀಸನ್ ಒಂದು ವರ್ಷದ ಕತೆ. ಈ ಸಲದ 12 ಎಪಿಸೋಡಿನಲ್ಲಿ ನಾಲ್ಕು ವರ್ಷ ಕಳೆಯುತ್ತದೆ, ಮೂರು ಎಪಿಸೋಡಿಗೆ ಒಂದು ವರ್ಷದ ಲೆಕ್ಕ. ವಾರಕ್ಕೆ ಮೂರು ಬಿಟ್ಟಿದ್ದರಿಂದ ಪ್ರತಿ ಬುಧವಾರ ಒಂದು ಹೊಸ ಸಿನಿಮಾ ನೋಡಿದ ಹಾಗೆಯೇ ಆಯಿತು.

ಎಲ್ಲರೂ ದಂಗೆಗೆ ಗುಟ್ಟಾಗಿ ನೆರವಾಗುವ ಸೆನೆಟರ್ ಮಾನ್ ಮಾತ್ಮಾ, ಸಾಮ್ರಾಜ್ಯದ ವಿರುದ್ಧ ಸೆನೆಟ್‌ನಲ್ಲಿ ಮಾಡಿದ ಭಾಷಣದ ಬಗ್ಗೆ ಮಾತಾಡುತ್ತಿದ್ದಾರೆ. ಸರಿ, ಜೆನೆವೀವ್ ಓ'ರೈಲಿ ಅದ್ಭುತವಾಗಿ ಮಾಡಿದ್ದಾರೆ. ಆದರೆ ನಾನು ಥೇಲಾ ಬಗ್ಗೆ ಮಾತಾಡಬೇಕು.

ಥೇಲಾ ಅಂದರೆ ಯಾರು ಅಂತ ಕೆಲವರಿಗೆ ನೆನಪೂ ಇರಲಿಕ್ಕಿಲ್ಲ. ಘೋರ್ಮನ್ ಗ್ರಹದ ಪಾಲ್ಮೋ ಪಟ್ಟಣದ ಹೋಟೆಲಿನಲ್ಲಿ ಬ್ಯಾಗ್ ಎತ್ತಿ ರೂಮಿಗೆ ತಲುಪಿಸುವ ಹುಡುಗ. ಐದನೇ ಎಪಿಸೋಡಿನಲ್ಲಿ ಕ್ಯಾಸಿಯನ್ ಫ್ಯಾಷನ್ ಡಿಸೈನರ್ ವೇಷದಲ್ಲಿ ಅಲ್ಲಿಗೆ ಬರುತ್ತಾನೆ. ಕಿಟಕಿಯಾಚೆ ಚೌಕದಲ್ಲಿ ಒಂದು ಸ್ಮಾರಕ. ಹಿಂದೆ ಅಲ್ಲಿ ಶಾಂತವಾಗಿ ಕೂತಿದ್ದ 500 ಜನರ ಮೇಲೆ ಸಾಮ್ರಾಜ್ಯದ ಅಧಿಕಾರಿ ಟಾರ್ಕಿನ್ ತನ್ನ ಹಡಗನ್ನೇ ಇಳಿಸಿದ್ದ. ಥೇಲಾನ ಅಪ್ಪ ಸತ್ತಿದ್ದೂ ಅಲ್ಲೇ. ಆ ಮಾತನ್ನು ಅವನು ಅತಿಥಿಗೆ ರೂಮು ತೋರಿಸುವ ಕೆಲಸದ ನಡುವೆಯೇ ಹೇಳುತ್ತಾನೆ. ದನಿ ಏರುವುದಿಲ್ಲ, ಕಣ್ಣೀರೂ ಇಲ್ಲ.

ಎಂಟನೇ ಎಪಿಸೋಡಿನಲ್ಲಿ ಕ್ಯಾಸಿಯನ್ ಇನ್ನೊಂದು ಹೆಸರಿನಲ್ಲಿ, ಪತ್ರಕರ್ತನಾಗಿ ಅದೇ ಹೋಟೆಲಿಗೆ ಬರುತ್ತಾನೆ. ಹುಡುಗ ಗುರುತು ಹಿಡಿದರೂ ಬಾಯಿ ಬಿಡುವುದಿಲ್ಲ. ಹೊರಡುವಾಗ ಕ್ಯಾಸಿಯನ್, ನಿಮಗೆಲ್ಲ ಒಳ್ಳೆಯದಾಗಲಿ ಅಂತ ಆಶಿಸುತ್ತೇನೆ ಅನ್ನುವ ಅರ್ಥದಲ್ಲಿ ಏನೋ ಹೇಳುತ್ತಾನೆ. ಆಗ ಥೇಲಾ, ದಂಗೆಗಳು ನಿಲ್ಲೋದೇ ಭರವಸೆಯ ಮೇಲೆ ಅಂತ ಉತ್ತರ ಕೊಡುತ್ತಾನೆ.

‘ರೋಗ್ ಒನ್’ ನೋಡಿದವರಿಗೆ ಮೈ ಜುಮ್ಮೆನ್ನಬೇಕು. ಅದರಲ್ಲಿ ಕ್ಯಾಸಿಯನ್ ಈ ಮಾತನ್ನು ಆ ಸಿನಿಮಾದ ನಾಯಕಿ ಜಿನ್ ಅರ್ಸೋಗೆ ಹೇಳುತ್ತಾನೆ. ಜಿನ್ ಅದನ್ನೇ ದಂಗೆಕೋರರ ನೆಲೆ ಯಾವಿನ್‌ನಲ್ಲಿ ದಂಡನಾಯಕರ ಎದುರು ಹೇಳುತ್ತಾಳೆ. ಇಷ್ಟು ವರ್ಷ ನಾವು ಅದನ್ನು ಯಾರೋ ದೊಡ್ಡ ನಾಯಕನ ಮಾತು ಅಂದುಕೊಂಡಿದ್ದೆವು. ಹೇಳಿದ್ದು ಹೋಟೆಲಿನ ಬ್ಯಾಗ್ ಹುಡುಗ! ಅದಾಗಿ ಸ್ವಲ್ಪ ಹೊತ್ತಿನಲ್ಲೇ ಆ ಚೌಕದಲ್ಲಿ ಗುಂಡಿನ ಮಳೆ. ಇತಿಹಾಸದಲ್ಲಿ ಥೇಲಾನ ಹೆಸರು ಎಲ್ಲೂ ಬರೋದಿಲ್ಲ. ಮಾತು ಮಾತ್ರ ಬಾಯಿಂದ ಬಾಯಿಗೆ ಹೋಗಿ ಡೆತ್ ಸ್ಟಾರ್ ಬೀಳಿಸುತ್ತದೆ.

ನನಗೆ ಈ ಸರಣಿ ಯಾಕೆ ಇಷ್ಟು ಹಿಡಿಸಿತು ಅಂದರೆ ಇದಕ್ಕೇ. ಇಲ್ಲಿ ಒಂದೇ ಒಂದು ಲೈಟ್‌ಸೇಬರ್ (ಬೆಳಕಿನ ಕತ್ತಿ) ಇಲ್ಲ. ದಂಗೆ ಅಂದರೆ ಕೆಲಸ. ರೇಡಿಯೋ ಕಾಯುವವರು, ಕಳ್ಳ ಕಾಗದ ಮಾಡುವವರು, ಇಂಧನ ಕದಿಯುವವರು, ಸುದ್ದಿ ಮುಟ್ಟಿಸುವವರು. ಸೆನೆಟ್ ಭಾಷಣವನ್ನೇ ತಗೊಳ್ಳಿ. ಅಷ್ಟು ದೂರ ಅದು ಪ್ರಸಾರ ಆಗಿದ್ದು ಯಾರಿಂದ? ಲೈನ್ ತಕ್ಷಣ ಕತ್ತರಿಸಲು ಆಗದ ಹಾಗೆ ನೋಡಿಕೊಂಡ ಕೆಳಗಿನ ಕೆಲಸದವರಿಂದ. ಕ್ಯಾಮೆರಾ ಅವರನ್ನೂ ತೋರಿಸುತ್ತದೆ.

ಇನ್ನು ಕ್ಲೇಯಾ. ಹತ್ತನೇ ಎಪಿಸೋಡ್ ಇಡೀ ಸರಣಿಯಲ್ಲೇ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು. ದಂಗೆಯ ಗುಪ್ತ ಜಾಲ ನಡೆಸುವ ಲೂಥೆನ್, ಅವನ ಜೊತೆ ದುಡಿಯುವವಳು ಕ್ಲೇಯಾ. ಲೂಥೆನ್ ಸಿಕ್ಕಿಬೀಳುವ ಹೊತ್ತಿಗೆ ತಾನೇ ಚಾಕು ಚುಚ್ಚಿಕೊಳ್ಳುತ್ತಾನೆ. ಸಾಯುವುದಿಲ್ಲ. ಆಸ್ಪತ್ರೆಯಲ್ಲಿ ಉಳಿಸಿಕೊಂಡು ಬಾಯಿ ಬಿಡಿಸಬೇಕು ಅಂತ ಸಾಮ್ರಾಜ್ಯದವರು ಕಾಯುತ್ತಿದ್ದಾರೆ. ಕ್ಲೇಯಾ ನರ್ಸ್ ಬಟ್ಟೆಯಲ್ಲಿ ಒಳಗೆ ಹೋಗುತ್ತಾಳೆ. ತನ್ನನ್ನು ಸಾಕಿದವನ ಉಸಿರಿನ ಯಂತ್ರ ನಿಲ್ಲಿಸಲಿಕ್ಕೆ. ನಡುನಡುವೆ ಹಳೆಯ ದಿನಗಳು ಬರುತ್ತವೆ. ಲೂಥೆನ್ ಆಗ ಸಾಮ್ರಾಜ್ಯದ ಸಾರ್ಜೆಂಟ್. ಹೊರಗೆ ತನ್ನವರೇ ನಡೆಸುತ್ತಿರುವ ಕೊಲೆ ರೇಡಿಯೋದಲ್ಲಿ ಕೇಳಿಸುತ್ತಿದೆ. ನಿಲ್ಲಿಸಿ, ನಿಲ್ಲಿಸಿ ಅಂತ ಒಬ್ಬನೇ ಗೊಣಗುತ್ತಿದ್ದಾನೆ. ಅಲ್ಲೇ ಮೂಲೆಯಲ್ಲಿ ಅಡಗಿ ಕೂತ ಮಗು ಸಿಗುತ್ತದೆ. ಸ್ಟೆಲನ್ ಸ್ಕಾರ್ಸ್‌ಗಾರ್ಡ್ ದೊಡ್ಡ ನಟ ಅಂತ ಎಲ್ಲರಿಗೂ ಗೊತ್ತು. ಆದರೆ ಆ ಎಪಿಸೋಡ್ ಪೂರ್ತಿ ಎಲಿಜಬೆತ್ ಡುಲಾವ್ ಅವರದ್ದು.

ಈಗ ಸಿನಿಮಾ ಸುದ್ದಿ. 2025ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ನಡೆದ ಅಭಿಮಾನಿಗಳ ಮೇಳ ಸ್ಟಾರ್ ವಾರ್ಸ್ ಸೆಲೆಬ್ರೇಶನ್‌ನಲ್ಲಿ ಎರಡು ಸಿನಿಮಾಗಳ ಮಾತು ಬಂತು. ಒಂದು ‘ದ ಮ್ಯಾಂಡಲೋರಿಯನ್ ಆ್ಯಂಡ್ ಗ್ರೋಗು’, ಜಾನ್ ಫ್ಯಾವ್ರೋ ನಿರ್ದೇಶನ, 2026ರ ಮೇ 22. ಇನ್ನೊಂದು ‘ಸ್ಟಾರ್‌ಫೈಟರ್’, ಶಾನ್ ಲೆವಿ ನಿರ್ದೇಶನ, ರಯಾನ್ ಗಾಸ್ಲಿಂಗ್ ನಾಯಕ, 2027ರ ಮೇ 28. 2019ರ ಡಿಸೆಂಬರ್ ಆದಮೇಲೆ ಈವರೆಗೆ (2025ರ ಮೇ) ಥಿಯೇಟರಿನಲ್ಲಿ ಹೊಸ ಸ್ಟಾರ್ ವಾರ್ಸ್ ಸಿನಿಮಾನೇ ಬಂದಿಲ್ಲ. ಖುಷಿ ಇದೆ. ಜೊತೆಗೆ ಒಂದು ಭಯವೂ ಇದೆ. ‘ಆಂಡೋರ್’ ಜನರಿಗೆ ಕೊಟ್ಟ ಸಮಯವನ್ನು ಈ ಸಿನಿಮಾಗಳು ಕೊಡುತ್ತವಾ? ಅಥವಾ ಮತ್ತೆ ಪರಿಚಯದ ಹೆಸರುಗಳ ಮೆರವಣಿಗೆ ಆಗುತ್ತಾ?

ನಿಮಗೆ ಏನನ್ನಿಸಿತು ಹೇಳಿ.

ಗೌರಿಬಿದನೂರಿನವ

ಎಂಟನೇ ಎಪಿಸೋಡ್ ನೋಡಿದಾಗಿನಿಂದ ನನಗೆ ವಿದುರಾಶ್ವತ್ಥ ಬಿಟ್ಟು ಬೇರೆ ಏನೂ ಹೊಳೆಯುತ್ತಿಲ್ಲ. ನಮ್ಮ ತಾಲ್ಲೂಕಿನದೇ ಜಾಗ. 1938ರ ಏಪ್ರಿಲ್ 25. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು. ಇಲ್ಲಿಯೂ ಬಾವುಟ ಹಾರಿಸಬಾರದು ಅಂತ ನಿಷೇಧ. ಆದರೂ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕ ಸರಕಾರ ಹೇಳಿದ್ದೇ ಬೇರೆ, ಜನ ಹೇಳಿದ್ದೇ ಬೇರೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಅಂತ ಪಠ್ಯದಲ್ಲಿ ಓದಿರುತ್ತೀರಿ.

ಚಿಕ್ಕಂದಿನಿಂದ ಆ ಸ್ಮಾರಕ ನೋಡುತ್ತಾ ಬೆಳೆದವನಿಗೆ ಪಾಲ್ಮೋ ಚೌಕ ಕಟ್ಟುಕತೆ ಅನ್ನಿಸಲಿಲ್ಲ. ಜನ ಹಾಡುತ್ತಾ ಒಳಗೆ ಬರುತ್ತಾರೆ. ಹಿಂದಿನಿಂದ ದಾರಿ ಮುಚ್ಚುತ್ತಾರೆ. ಆಮೇಲೆ ಅನುಭವವೇ ಇಲ್ಲದ ಎಳೆಯ ಸೈನಿಕರನ್ನು ಬೇಕಂತಲೇ ಜನರ ನಡುವೆ ತಂದು ನಿಲ್ಲಿಸುತ್ತಾರೆ. ಮೇಲಿಂದ ಸಾಮ್ರಾಜ್ಯದ ಗುರಿಕಾರನೇ ತಮ್ಮ ಕಡೆಯ ಹುಡುಗನಿಗೆ ಗುಂಡು ಹೊಡೆಯುತ್ತಾನೆ. ಮೊದಲು ಹೊಡೆದವರು ಘೋರ್ಮನ್‌ನವರು ಅಂತ ಸುದ್ದಿ ಮಾಡಬೇಕಲ್ಲ, ಅದಕ್ಕೆ. ಸತ್ತ ಆ ಸೈನಿಕನ ಬಗ್ಗೆಯೂ ನನಗೆ ಸಂಕಟ ಆಯಿತು. ಅವನನ್ನು ಅಲ್ಲಿಗೆ ಕಳಿಸಿದ್ದೇ ಸಾಯಲಿ ಅಂತ.

ರೇಷ್ಮೆಗೂಡು

ನಾನು ರಾಮನಗರದವಳು. ಮನೆಯಲ್ಲಿ ಹುಳು ಸಾಕಿದವರು ನಾವು. ಹಾಗಾಗಿ ಘೋರ್ಮನ್ ನನಗೆ ಮೊದಲ ದಿನವೇ ಹತ್ತಿರವಾಯಿತು. ಅಲ್ಲಿಯ ಬದುಕೇ ಬಟ್ಟೆ. ಜೇಡದ ನೂಲಿನಿಂದ ನೇಯ್ದ ಬಟ್ಟೆಗೆ ಇಡೀ ಗ್ಯಾಲಕ್ಸಿಯಲ್ಲಿ ಬೇಡಿಕೆ. ಇಂಥ ಊರಿನಲ್ಲಿ ನೂಲಿನ ಜೊತೆ ಸ್ವಾಭಿಮಾನವೂ ಬೆಳೆಯುತ್ತದೆ.

ಯಾರೂ ಹೇಳದ ಒಂದು ದೃಶ್ಯದ ಬಗ್ಗೆ ಹೇಳುತ್ತೇನೆ. ಮೊದಲ ಎಪಿಸೋಡಿನಲ್ಲಿ ಬೆಟ್ಟದ ಮೇಲೆ, ಡೆತ್ ಸ್ಟಾರ್ ಕಟ್ಟಿಸುತ್ತಿರುವ ಕ್ರೆನಿಕ್ ನಡೆಸುವ ಗುಟ್ಟಿನ ಸಭೆ. ಘೋರ್ಮನ್ ನೆಲದಡಿ ಇರುವ ಖನಿಜ ಡೆತ್ ಸ್ಟಾರ್‌ಗೆ ಬೇಕು. ಅಗೆದರೆ ಆ ಗ್ರಹ ಉಳಿಯುತ್ತದೋ ಇಲ್ಲವೋ ಅನ್ನೋದು ಅವರಿಗೆ ಮುಖ್ಯವಲ್ಲ. ಸಭೆಯಲ್ಲಿ ಪ್ರಚಾರ ಇಲಾಖೆಯ ಇಬ್ಬರು ಇದ್ದಾರೆ. ಘೋರ್ಮನ್ ಜನ ಸೊಕ್ಕಿನವರು, ತಮ್ಮನ್ನು ತಾವೇ ದೊಡ್ಡವರು ಅಂದುಕೊಂಡವರು ಅಂತ ಜನರ ತಲೆಯಲ್ಲಿ ತುಂಬುವುದು ಅವರ ಕೆಲಸ. ನಗುನಗುತ್ತಾ ಹೇಳುತ್ತಾರೆ! ಬಂದೂಕು ಬರುವ ಎಷ್ಟೋ ಮೊದಲೇ ಮಾತು ಬಂದಿರುತ್ತದೆ. ಈ ಸಭೆ ಬರೆಯುವಾಗ ಗಿಲ್‌ರಾಯ್ ಮನಸ್ಸಿನಲ್ಲಿ ಇದ್ದದ್ದು 1942ರ ವಾನ್‌ಸೇ ಸಭೆ. ನಾಜಿ ಅಧಿಕಾರಿಗಳು ಮೇಜಿನ ಸುತ್ತ ಕೂತು ಯಹೂದಿಗಳ ಸಾಮೂಹಿಕ ಕೊಲೆಯ ಏರ್ಪಾಡು ಮಾತಾಡಿದ ಸಭೆ ಅದು. ಇದು ಗೊತ್ತಾದ ಮೇಲೆ ಅಲ್ಲಿನ ಊಟ, ಉಪಚಾರ, ನಗು ಯಾವುದನ್ನೂ ನೆಮ್ಮದಿಯಿಂದ ನೋಡಲು ಆಗಲಿಲ್ಲ.

ತಂಬೂರಿ

ಘೋರ್ಮನ್ ಜನ ಹಾಡುವ ಹಾಡಿನ ಬಗ್ಗೆ ಯಾರಾದರೂ ಬರೆಯುತ್ತಾರೆ ಅಂತ ಕಾಯುತ್ತಿದ್ದೆ. ಈ ಸರಣಿಗೆ ಅಂತಲೇ ಒಂದು ಭಾಷೆ ಮಾಡಿದ್ದಾರೆ. ಫ್ರೆಂಚ್ ನಟರನ್ನು ಕರೆದುತಂದು ಅವರ ಬಾಯಲ್ಲಿ ಅದನ್ನು ಆಡಿಸಿದ್ದಾರೆ. ಹಾಡು ಚೌಕದ ಒಂದು ಮೂಲೆಯಲ್ಲಿ ಶುರುವಾಗುತ್ತದೆ. ನಿಧಾನಕ್ಕೆ ಪಕ್ಕದವರು ದನಿಗೂಡಿಸುತ್ತಾರೆ. ಶ್ರುತಿ ಎಲ್ಲರದ್ದೂ ಸರಿ ಇಲ್ಲ. ಇರಬಾರದು ಕೂಡ. ಅವರು ಗಾಯಕರಲ್ಲ, ಊರಿನ ಜನ. ಹಾಡಿನ ಒಂದು ಪದವೂ ಗೊತ್ತಿಲ್ಲದೆ ನನ್ನ ಕಣ್ಣು ತುಂಬಿತು.

ಇನ್ನೊಂದು, ಮೂರನೇ ಎಪಿಸೋಡಿನ ಮದುವೆ. ಮಗಳ ಮದುವೆಯಲ್ಲಿ ಮಾನ್ ಮಾತ್ಮಾ ಕುಡಿದು ಕುಣಿಯುತ್ತಾಳೆ. ಅದೇ ಹೊತ್ತಿಗೆ ಲೂಥೆನ್ ಕಡೆಯವರು ಅವಳ ಬಾಲ್ಯದ ಗೆಳೆಯ ಟೇ ಕೋಲ್ಮಾನನ್ನು ಸಾಯಿಸಲು ಕರೆದುಕೊಂಡು ಹೋಗುತ್ತಿದ್ದಾರೆ. ಅವಳಿಗೆ ಅದು ಗೊತ್ತು. ತಡೆಯಲಿಲ್ಲ ಅನ್ನೋದೂ ಗೊತ್ತು. ಅದೇ ಕುಣಿತ, ಅದೇ ತಾಳ, ಆದರೆ ಅವಳ ಮುಖ ನೋಡಿ. ಮೊದಲ ಸೀಸನ್ನಿನ ಸಂಗೀತ ನಿಕೋಲಸ್ ಬ್ರಿಟೆಲ್ ಅವರದ್ದು. ಈ ಸಲ ಹೆಚ್ಚು ಭಾಗ ಬ್ರಾಂಡನ್ ರಾಬರ್ಟ್ಸ್ ಮಾಡಿದ್ದಾರೆ. ಕೈ ಬದಲಾಗಿದೆ ಅಂತ ನನಗೆ ಎಲ್ಲೂ ಅನ್ನಿಸಲಿಲ್ಲ.

ಕುಡ್ಲದ ಜೇಡಿ

ಕಾವೇರಿತೀರ ಅವರೇ, ಬರೆದದ್ದು ತುಂಬಾ ಚೆನ್ನಾಗಿದೆ. ಆದರೆ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ ಮಾರಾಯ್ರೆ. ‘ಆಂಡೋರ್’ ಬಂತು ಅಂತ ಉಳಿದದ್ದೆಲ್ಲ ಕಡಿಮೆ ದರ್ಜೆಯದ್ದು ಆಗಬೇಕಾ?

ನನ್ನ ಮಗಳಿಗೆ ಎಂಟು ವರ್ಷ. ಗ್ರೋಗು ಅಂದರೆ ಪ್ರಾಣ. ‘ಆಂಡೋರ್’ ಅವಳಿಗೆ ತೋರಿಸುವ ಹಾಗಿಲ್ಲ. ಮೂರನೇ ಎಪಿಸೋಡಿನಲ್ಲಿ ಕ್ಯಾಸಿಯನ್‌ನ ಪ್ರೇಯಸಿ ಬಿಕ್ಸ್ ಮೇಲೆ ಸಾಮ್ರಾಜ್ಯದ ಅಧಿಕಾರಿ ಕೈ ಹಾಕುವ ದೃಶ್ಯ ನೋಡಿ ನಾನೇ ಎದ್ದು ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದೆ. ಸ್ಟಾರ್ ವಾರ್ಸ್ ಹುಟ್ಟಿದ್ದೇ ಮಕ್ಕಳೂ ನೋಡುವ ಕತೆಯಾಗಿ. ಮ್ಯಾಂಡಲೋರಿಯನ್ ಅಂದರೆ ಒಬ್ಬ ಒಂಟಿ ಬೇಟೆಗಾರ, ಅವನ ಬೆನ್ನಿಗೆ ಬಿದ್ದ ಒಂದು ಮಗು, ಗ್ರೋಗು. ಇದರಲ್ಲಿ ಸಾಮಾನ್ಯ ಜನರ ಕತೆ ಇಲ್ಲವಾ? 2019ರಲ್ಲಿ ಮ್ಯಾಂಡಲೋರಿಯನ್ ಸರಣಿ ಶುರುವಾದಾಗ ಅವನನ್ನೂ ನಾವು ಯಾರೂ ಕಂಡಿರಲಿಲ್ಲ. ಹೊಸ ಮನುಷ್ಯನೇ ಅಲ್ವಾ? ಪೆಡ್ರೋ ಪಾಸ್ಕಲ್ ಮುಖವನ್ನೇ ತೋರಿಸದೆ, ಬರೀ ದನಿಯಲ್ಲಿ, ಕತ್ತು ವಾಲಿಸುವುದರಲ್ಲಿ ಅಪ್ಪ ಆಗಿದ್ದನ್ನು ನಾನು ಮರೆಯುವುದಿಲ್ಲ. 2026ರ ಮೇ ತಿಂಗಳಲ್ಲಿ ಮಗಳನ್ನು ಮೊದಲ ಸಲ ಸ್ಟಾರ್ ವಾರ್ಸ್‌ಗೆ ಅಂತ ಥಿಯೇಟರಿಗೆ ಕರೆದುಕೊಂಡು ಹೋಗುತ್ತೇನೆ. ಅದೂ ಸಣ್ಣ ಮಾತಲ್ಲ.

ಕಾವೇರಿತೀರ

ಒಪ್ಪಿದೆ. ಮಗಳು ಥಿಯೇಟರಿನಲ್ಲಿ ಏನು ಹೇಳಿದಳು ಅಂತ ಇಲ್ಲಿ ಬಂದು ಬರೆಯಲೇಬೇಕು ನೀವು. ಮ್ಯಾಂಡಲೋರಿಯನ್‌ನ ಮೊದಲ ಸೀಸನ್ ನನಗೂ ಇಷ್ಟ. ಆಗ ಕತೆ ಚಿಕ್ಕದಿತ್ತು. ಒಂದು ಊರು, ಒಂದು ಕೆಲಸ, ಕೂಲಿ, ಹೊಟ್ಟೆಪಾಡು. ಸೀಸನ್ 3ರ ಹೊತ್ತಿಗೆ ಅವನ ಕತೆಯಲ್ಲಿ ಅವನೇ ಅತಿಥಿ ಆಗಿಬಿಟ್ಟ. ಸಿನಿಮಾ ಮತ್ತೆ ಅವರಿಬ್ಬರ ಕಡೆಗೆ ಹೊರಳಿದರೆ ನನಗೂ ಸಂತೋಷವೇ. ಸಿಗೋರ್ನಿ ವೀವರ್ ಇದ್ದಾರೆ ಅನ್ನೋದು ಒಳ್ಳೆಯ ಸುದ್ದಿ. ಜಪಾನಿನಲ್ಲಿ ಸ್ವಲ್ಪ ದೃಶ್ಯ ತೋರಿಸಿದರಂತೆ, ಆದರೆ ಸಭಾಂಗಣದಲ್ಲಿ ಇದ್ದವರಿಗೆ ಮಾತ್ರ. ಹಾಗಾಗಿ ನಾವಿಲ್ಲಿ ಸುಮ್ನೆ ಊಹೆ ಮಾಡುತ್ತಾ ಕೂರಬೇಕು.

ಸಂಜೆಮಲ್ಲಿಗೆ

ಎಲ್ಲರೂ ಹೊಗಳುತ್ತಿದ್ದೀರಿ. ನಾನೂ ಹೊಗಳುತ್ತೇನೆ. ಆದರೆ ಬಿಕ್ಸ್‌ಗೆ ಅನ್ಯಾಯ ಆಗಿದೆ. ಇದನ್ನು ಯಾರಾದರೂ ಹೇಳಲೇಬೇಕು.

ಮೊದಲ ಸೀಸನ್ನಿನಲ್ಲಿ ಅವಳಿಗೆ ತನ್ನದೇ ಅಂಗಡಿ, ವ್ಯಾಪಾರ, ಜಾಣತನ ಎಲ್ಲ ಇತ್ತು. ಡಾಕ್ಟರ್ ಗೋರ್ಸ್ಟ್ ಕೊಟ್ಟ ಚಿತ್ರಹಿಂಸೆಯಾದ ಮೇಲೆ ಅವಳ ಕತೆ ಪೂರ್ತಿ ನೋವಿನದ್ದೇ ಆಯಿತು. ಆರನೇ ಎಪಿಸೋಡಿನಲ್ಲಿ ಅವನ ಮೇಲೆ ಸೇಡು ತೀರಿಸಿಕೊಂಡಳು, ಸರಿ. ಆಮೇಲೆ? ಕ್ಯಾಸಿಯನ್ ದಂಗೆ ಬಿಟ್ಟು ಬರಬಾರದು ಅಂತ ಒಂದು ವಿಡಿಯೋ ಸಂದೇಶ ಇಟ್ಟು ಹೊರಟುಬಿಡುತ್ತಾಳೆ. ಕೊನೆಯಲ್ಲಿ ಹೊಲದ ನಡುವೆ ಮಗುವಿನ ಜೊತೆ ನಿಂತಿರುತ್ತಾಳೆ. ನೋಡಲು ಚೆಂದವೇ. ಆದರೆ ಅವಳ ನಿರ್ಧಾರವೂ ಅವನ ಕತೆಗೋಸ್ಕರವೇ ಆಯಿತಲ್ಲ. ಅವಳಿಗೂ ಹೋರಾಡುವ ಆಸೆ ಇತ್ತು. ಯಾವಿನ್‌ನಲ್ಲಿ ಅವಳು ಮಾಡಬಹುದಾದ ಕೆಲಸ ಎಷ್ಟಿತ್ತು!

ದಂಗೆಯ ಹೋರಾಟಗಾರ್ತಿ ಸಿಂಟಾ ಕೂಡ ಹಾಗೆಯೇ. ಘೋರ್ಮನ್‌ನ ಒಬ್ಬ ಹುಡುಗನ ಕೈ ಜಾರಿ ಹಾರಿದ ಗುಂಡಿಗೆ ಸಾಯುತ್ತಾಳೆ. ಅದು ನಿಜ ಜೀವನದ ಹಾಗಿದೆ, ಒಪ್ಪುತ್ತೇನೆ. ಆಮೇಲೆ ಅವಳ ಪ್ರೇಯಸಿ ವೆಲ್ ಆ ಹುಡುಗನಿಗೆ ಹೇಳುವ ಮಾತಂತೂ ಎದೆಗೆ ನಾಟುತ್ತದೆ. ಆದರೆ ಈ ಇಬ್ಬರು ಹೆಂಗಸರ ನಡುವಿನ ಪ್ರೀತಿಗೆ ಒಂದು ಇಡೀ ಎಪಿಸೋಡಾದರೂ ಬೇಕಿತ್ತು. ವರ್ಷದಿಂದ ವರ್ಷಕ್ಕೆ ಹಾರಿದ್ದರಿಂದ ನಷ್ಟ ಆಗಿದ್ದು ಇಲ್ಲೇ.

ಕಾವೇರಿತೀರ

ಸಂಜೆಮಲ್ಲಿಗೆ, ಬಿಕ್ಸ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಐದು ಸೀಸನ್ ಆಗಿದ್ದರೆ ಅವಳಿಗೊಂದು ವರ್ಷ ಸಿಗುತ್ತಿತ್ತು ಅನ್ನಿಸುತ್ತದೆ. ಕ್ಯಾಸಿಯನ್‌ನ ಗೆಳೆಯ ಬ್ರಾಸೊ ಸಾವೂ ಹಾಗೇ ಓಡಿಹೋಯಿತು. ಮೊದಲ ಸೀಸನ್ನಿನಲ್ಲಿ ಫೆರಿಕ್ಸ್‌ನಲ್ಲಿ, ಕ್ಯಾಸಿಯನ್‌ನ ಸಾಕುತಾಯಿ ಮಾರ್ವಾಳ ಚಿತಾಭಸ್ಮದ ಇಟ್ಟಿಗೆ ಹಿಡಿದು ಹೊಡೆದಾಡಿದ ಮನುಷ್ಯ ಅವನು.

ಹುಬ್ಬಳ್ಳಿ ಮಂದಿ

ಸಾಮ್ರಾಜ್ಯದ ಗುಪ್ತಚರ ದಳದ ಮುಖ್ಯಸ್ಥ ಪಾರ್ಟಗಾಜ್ ಬಗ್ಗೆ ಯಾರೂ ಬರೆದಿಲ್ಲಲ್ರೀ! ಎರಡು ಸೀಸನ್ ಪೂರ್ತಿ ಮೇಜಿನ ತುದಿಯಲ್ಲಿ ಕೂತು ಎಲ್ಲರನ್ನೂ ನಡುಗಿಸಿದ ಮನುಷ್ಯ. ಕೊನೆಗೆ ಒಬ್ಬನೇ ಕೂತು ಕೇಳುತ್ತಿರುವುದು ನೆಮಿಕ್‌ನ ಧ್ವನಿ. ಮೊದಲ ಸೀಸನ್ನಿನ ಆಲ್ಡಾನಿ ದರೋಡೆಯಲ್ಲಿ ಗಾಯಗೊಂಡು ಸತ್ತ ಆ ಎಳೆ ದಂಗೆಕೋರ ಹುಡುಗ ಬರೆದಿದ್ದು ಈಗ ತಡೆಯೋಕೆ ಆಗದಷ್ಟು ಹರಡಿದೆ. ಅದನ್ನು ಕೇಳಿ ಮುಗಿಸಿ ತನಗೆ ತಾನೇ ಗುಂಡು ಹೊಡೆದುಕೊಳ್ಳುತ್ತಾನೆ. ಆಂಟನ್ ಲೆಸರ್ ಕಣ್ಣಲ್ಲೇ ಎಲ್ಲ ಹೇಳಿಬಿಟ್ಟರು. ನೆಮಿಕ್ ಕೂಡ ಥೇಲಾನ ಹಾಗೇ ನೋಡ್ರಿ. ಮನುಷ್ಯ ಹೋದ, ಮಾತು ಉಳೀತು.

ಅವನ ಕೈಕೆಳಗಿನ ಅಧಿಕಾರಿ ಡೆಡ್ರಾ ಕೊನೆಗೆ ಜೈಲಿನ ಬಿಳಿ ಬಟ್ಟೆಯಲ್ಲಿ ಬರಿಗಾಲಲ್ಲಿ ಕೂತಿರುವುದು ನೋಡಿ ನನಗೆ ಖುಷಿ ಆಗಲಿಲ್ಲ. ಆಗಬಹುದು ಅಂದುಕೊಂಡಿದ್ದೆ.

ನ್ಯೂಜೆರ್ಸಿಯಿಂದ

ಸಿನಿಮಾ ಸುದ್ದಿಗೆ ಬರುತ್ತೇನೆ. ಇವರು ಘೋಷಣೆ ಮಾಡಿದ್ದನ್ನೆಲ್ಲ ನಂಬಿ ಕೂರಬೇಡಿ. 2020ರ ಡಿಸೆಂಬರ್‌ನಲ್ಲಿ ‘ರೋಗ್ ಸ್ಕ್ವಾಡ್ರನ್’ ಅಂತ ಹೇಳಿದರು, ಪ್ಯಾಟಿ ಜೆಂಕಿನ್ಸ್ ನಿರ್ದೇಶನ. 2022ರಲ್ಲಿ ಬಿಡುಗಡೆ ಪಟ್ಟಿಯಿಂದಲೇ ತೆಗೆದರು. 2023ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಡೇಸಿ ರಿಡ್ಲಿಯನ್ನು ವೇದಿಕೆಗೆ ಕರೆದು, ಹಿಂದಿನ ಮೂರು ಸಿನಿಮಾಗಳಲ್ಲಿ ಅವರು ಮಾಡಿದ ನಾಯಕಿ ರೇ ಕತೆ ಮುಂದುವರಿಯುತ್ತದೆ ಅಂದರು. ಪಾಕಿಸ್ತಾನದ ಶರ್ಮೀನ್ ಒಬೈದ್ ಚಿನಾಯ್ ಅದರ ನಿರ್ದೇಶಕಿ. ಸ್ಟಾರ್ ವಾರ್ಸ್ ಸಿನಿಮಾವನ್ನು ನಮ್ಮ ಕಡೆಯ ಹೆಣ್ಣುಮಗಳು ಮಾಡುತ್ತಾರೆ ಅಂತ ನಾನು ಕುಣಿದಾಡಿದ್ದೆ. ಇನ್ನೂ ತಾರೀಖು ಇಲ್ಲ. ನನಗೆ ನಿಜವಾಗಿ ಬೇಕಾಗಿದ್ದ ಸಿನಿಮಾ ಅದೇ.

ಮ್ಯಾಂಡಲೋರಿಯನ್ ಸಿನಿಮಾ ಮಾತ್ರ ಖಂಡಿತ ಬರುತ್ತದೆ, ಯಾಕಂದರೆ ಶೂಟಿಂಗ್ 2024ರ ಡಿಸೆಂಬರ್‌ನಲ್ಲೇ ಮುಗಿದಿದೆ. ‘ಸ್ಟಾರ್‌ಫೈಟರ್’ ಬಗ್ಗೆ ನನಗೆ ಆಸೆ ಇದೆ. 2019ರ ಸಿನಿಮಾ ಆಗಿ ಸುಮಾರು ಐದು ವರ್ಷದ ನಂತರದ ಕತೆಯಂತೆ. ಆ ಕಾಲದ ಕತೆ ಯಾರೂ ಮುಟ್ಟಿಲ್ಲ. ಹಿಂದಿನದಕ್ಕೂ ಮುಂದಿನದಕ್ಕೂ ಗಂಟು ಹಾಕದ ಬಿಡಿ ಕತೆ ಅಂತಲೂ ಹೇಳಿದ್ದಾರೆ. ಕಾವೇರಿತೀರ ಅವರು ಕೇಳುತ್ತಿರುವುದು ಇಂಥದ್ದನ್ನೇ ಅಲ್ವಾ?

ಕಾವೇರಿತೀರ

ಹೌದು. ಬಿಡಿ ಕತೆ ಅಂದ ತಕ್ಷಣ ನನಗೆ ಅರ್ಧ ನೆಮ್ಮದಿ. ಆದರೆ ಎರಡು ಗಂಟೆಯ ಸಿನಿಮಾದಲ್ಲಿ ಥೇಲಾನಂಥ ಒಬ್ಬನಿಗೆ ಜಾಗ ಸಿಗುತ್ತದಾ? ಸಿಗಬೇಕು. ಅವನಿಗೆ ಈ ಸರಣಿಯಲ್ಲಿ ಸಿಕ್ಕಿದ್ದೂ ಕೆಲವೇ ನಿಮಿಷ. ಸಮಯ ಇಲ್ಲ ಅನ್ನೋದು ನೆಪ ಆಗಲಾರದು. ಒಂದು ಸಾಲನ್ನು ಯಾರ ಬಾಯಲ್ಲಿ ಇಡಬೇಕು ಅಂತ ಬರೆಯುವವರು ಯೋಚನೆ ಮಾಡಬೇಕು, ಅಷ್ಟೇ. ಗಾಸ್ಲಿಂಗ್ ಹಾರಿಸುವ ವಿಮಾನವನ್ನು ರಿಪೇರಿ ಮಾಡುವವಳು ಯಾರು? ಅವಳಿಗೆ ಹೆಸರು ಇದೆಯಾ? ನಾನು ಮೊದಲು ನೋಡೋದು ಅದನ್ನೇ.

ಈ ಎರಡನೇ ಸೀಸನ್ನೂ ಹಾಗೇ ಶುರುವಾಯಿತಲ್ಲ. ಮೊದಲ ಎಪಿಸೋಡಿನಲ್ಲಿ ಕ್ಯಾಸಿಯನ್‌ಗೆ ಸಾಮ್ರಾಜ್ಯದ ಹೊಸ ವಿಮಾನ ಕದಿಯಲು ಒಳಗಿನಿಂದ ಸಹಾಯ ಮಾಡುವ ಆ ತಂತ್ರಜ್ಞೆ ಹುಡುಗಿ. ಭಯದಿಂದ ಅವಳ ದನಿ ಒಣಗಿದೆ. ನಾನು ಮಾಡಿದ್ದು ಸರಿಯಾ ಅನ್ನುವ ಪ್ರಶ್ನೆ ಅವಳ ಮುಖದಲ್ಲೇ ಇದೆ. ಕ್ಯಾಸಿಯನ್‌ಗೆ ಅವಸರ. ಆದರೂ ನಿಂತು ಅವಳಿಗೆ ಧೈರ್ಯ ಹೇಳುತ್ತಾನೆ. ಆಮೇಲೆ ಅವಳನ್ನು ನಾವು ನೋಡುವುದೇ ಇಲ್ಲ.

ಹೊಸಬ ಹಾಸನ

ಕತೆ ಗೊತ್ತಾದರೂ ಪರವಾಗಿಲ್ಲ ಅಂತ ಎಲ್ಲ ಓದಿಬಿಟ್ಟೆ. ಸ್ಟಾರ್ ವಾರ್ಸ್ ಒಂದೂ ನೋಡಿಲ್ಲ. ಇದನ್ನೇ ನೇರವಾಗಿ ನೋಡಬಹುದಾ? ಅಥವಾ ಹಳೆಯ ಸಿನಿಮಾಗಳಿಂದ ಶುರು ಮಾಡಬೇಕಾ?

ರೇಷ್ಮೆಗೂಡು

ನೇರವಾಗಿ ನೋಡಿ. ನಮ್ಮ ಅಮ್ಮನೂ ಹಾಗೇ ನೋಡಿದ್ದು. ಸಾಮ್ರಾಜ್ಯ ಅಂದರೆ ಕೆಟ್ಟವರು ಅನ್ನೋದಿಷ್ಟು ಗೊತ್ತಿದ್ದರೆ ಸಾಕು.

ಕಾವೇರಿತೀರ

ಹೊಸಬರೇ, ಸೀಸನ್ 1ರ ಮೊದಲ ಮೂರು ಎಪಿಸೋಡುಗಳನ್ನು ಒಂದೇ ಸಲ ನೋಡಿ. ಮೊದಲ ಎರಡು ನಿಧಾನ ಅನ್ನಿಸಬಹುದು, ಮೂರನೆಯದರಲ್ಲಿ ಹಿಡಿತಕ್ಕೆ ಬರುತ್ತದೆ. ಆರನೆಯದನ್ನು ರಾತ್ರಿ ತಡವಾಗಿ ಶುರು ಮಾಡಬೇಡಿ, ನಿದ್ದೆ ಹೋಗುತ್ತದೆ. ಜೈಲಿನ ಮೂರು ಎಪಿಸೋಡುಗಳನ್ನು (8, 9, 10) ರಜೆ ದಿನಕ್ಕೆ ಇಟ್ಟುಕೊಳ್ಳಿ. ಸೀಸನ್ 2 ಮುಗಿದ ತಕ್ಷಣ ‘ರೋಗ್ ಒನ್’, ಅದಾದ ಮೇಲೆ 1977ರ ಮೊದಲ ಸಿನಿಮಾ. ಮೂರೂ ಒಂದಕ್ಕೊಂದು ಅಂಟಿಕೊಂಡೇ ಇವೆ, ‘ರೋಗ್ ಒನ್’ ನಿಂತಲ್ಲಿಂದಲೇ ಆ ಸಿನಿಮಾ ಶುರುವಾಗುತ್ತದೆ. ನೋಡುತ್ತಾ ಹೋದ ಹಾಗೆ ಇಲ್ಲೇ ಬರೆಯಿರಿ, ನಾವೆಲ್ಲ ಇದ್ದೇವೆ.